ಸೆಕ್ಯೂರ್ ಬೂಟ್ ಆಫ್ ಮಾಡುವ ಹಳೆಯ ಚಾಳಿ

ಹಾಸನದಲ್ಲಿ ಕಂಪ್ಯೂಟರ್ ರಿಪೇರಿ ಕೆಲಸ ಹಿಡಿದು ಹದಿನಾಲ್ಕು ವರ್ಷವಾಯಿತು. ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಇರಲಿ, ಪಕ್ಕದಲ್ಲಿ ಅದರಂಥದೇ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸನ್ನೂ ಹಾಕಿಕೊಡಿ ಎಂದು ಕೇಳುವವರು ಮೊದಲು ಎಂಜಿನಿಯರಿಂಗ್ ಹುಡುಗರಷ್ಟೇ ಆಗಿದ್ದರು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ಇತರರೂ ಕೇಳುತ್ತಿದ್ದಾರೆ. ಹೀಗಾಗಿ, ಅದಕ್ಕೆ ಹಿಂದಿನ ವರ್ಷ ಒಂದು ಮನೆಯಲ್ಲಿ ನಾನು ಮಾಡಿಕೊಂಡ ತಪ್ಪನ್ನು ಬರೆದಿಡುವುದು ಉಚಿತವೆಂದು ತೋರಿತು.

ಆ ಮನೆ ನಿವೃತ್ತ ಶಾಲಾ ಮೇಷ್ಟ್ರೊಬ್ಬರದು. ಅವರ ಮಗಳು ಬಿಸಿಎ ಓದುತ್ತಿದ್ದು, ಪಾಠಕ್ಕಾಗಿ ಅವಳಿಗೆ ಉಬುಂಟು ಎಂಬ ಲಿನಕ್ಸ್ ಬೇಕಾಗಿತ್ತು. ವಿಂಡೋಸ್ 11 ಇದ್ದ ಅದೇ ಲ್ಯಾಪ್‌ಟಾಪಿನಲ್ಲಿ ಮೇಷ್ಟ್ರು ಮೂರು ವರ್ಷದಿಂದ ತಮ್ಮ ಊರಿನ ಚರಿತ್ರೆಯನ್ನು ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪು ಮಾಡುತ್ತ ಬಂದಿದ್ದರು. "ನನ್ನ ಕಡತಗಳಿಗೆ ಏನೂ ಆಗುವುದಿಲ್ಲ ತಾನೆ?" ಎಂದು ಅವರು ಕೇಳಿದಾಗ, "ಏನೂ ಆಗುವುದಿಲ್ಲ ಸಾರ್, ಅರ್ಧ ಗಂಟೆಯ ಕೆಲಸ" ಎಂದು ಹೇಳಿ, ಬ್ಯಾಕಪ್ ತೆಗೆಯುವ ಮಾತನ್ನೂ ಎತ್ತದೆ, ಬಯೋಸ್ (ವಿಂಡೋಸ್ ಬರುವ ಮೊದಲಿನ, ಯಂತ್ರದ್ದೇ ಸೆಟ್ಟಿಂಗ್ಸ್) ಒಳಗೆ ಹೋಗಿ ಸೆಕ್ಯೂರ್ ಬೂಟನ್ನು ಆಫ್ ಮಾಡಿದೆ. ನಂಬಬಹುದಾದ ಸಹಿ ಇರುವ ತಂತ್ರಾಂಶದಿಂದ ಮಾತ್ರ ಯಂತ್ರ ಶುರುವಾಗಲು ಬಿಡುವ ಕಾವಲು ಅದು. ಅದನ್ನು ಆಫ್ ಮಾಡುವುದು ನನ್ನ ಕೈಗೆ ಅಂಟಿದ ಅಭ್ಯಾಸ. 2012ರಲ್ಲಿ ವಿಂಡೋಸ್ 8ರ ಯಂತ್ರಗಳು ಬರತೊಡಗಿದಾಗ, ಅನೇಕ ಲಿನಕ್ಸ್‌ಗಳು ಸೆಕ್ಯೂರ್ ಬೂಟ್ ಇದ್ದರೆ ಶುರುವಾಗುತ್ತಲೇ ಇರಲಿಲ್ಲವಾದ್ದರಿಂದ, ಮೊದಲು ಅದನ್ನು ಆಫ್ ಮಾಡು ಎಂಬುದೇ ನನಗೆ ಸಿಕ್ಕಿದ್ದ ಮೊದಲ ಪಾಠವಾಗಿತ್ತು.

ಉಬುಂಟು ಇದ್ದ ಪೆನ್‌ಡ್ರೈವ್ ಹಾಕುವ ಮೊದಲು, ಸಿ ಡ್ರೈವನ್ನು ಕುಗ್ಗಿಸಿ ಜಾಗ ಮಾಡಿಕೊಳ್ಳೋಣವೆಂದು ವಿಂಡೋಸಿಗೆ ಮರಳಿದೆ. ವಿಂಡೋಸ್ ಬರಲಿಲ್ಲ. ನೀಲಿ ಪರದೆಯೊಂದು ಬಂದು, ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಸೌಲಭ್ಯವಾದ ಬಿಟ್‌ಲಾಕರ್‌ನ 48 ಅಂಕಿಗಳ ರಿಕವರಿ ಕೀ ಕೊಡಿ ಎಂದು ಕೇಳಿತು. ಮೇಷ್ಟ್ರಿಗೆ ಬಿಟ್‌ಲಾಕರ್ ಎಂಬ ಹೆಸರೇ ಗೊತ್ತಿರಲಿಲ್ಲ. ಅವರೇನೂ ಅದನ್ನು ಹಾಕಿರಲಿಲ್ಲ. ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದ ಹೊಸ ಲ್ಯಾಪ್‌ಟಾಪುಗಳಲ್ಲಿ ಅನೇಕವು ಡಿಸ್ಕನ್ನು ತಾವಾಗಿಯೇ ಎನ್‌ಕ್ರಿಪ್ಟ್ ಮಾಡಿ (ಕೀ ಇಲ್ಲದೆ ಓದಲಾಗದಂತೆ ಬೀಗ ಹಾಕಿ), ಕೀಯನ್ನು ಅದೇ ಖಾತೆಯಲ್ಲಿ ಇಡುತ್ತವೆ. ಸರಿ, ಖಾತೆ ಯಾವುದು ಎಂದರೆ, ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯ ಹುಡುಗನೊಬ್ಬ ತೋಚಿದ ಹೆಸರಿನಲ್ಲಿ ಮಾಡಿಕೊಟ್ಟಿದ್ದ ಇಮೇಲ್. ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ಅದಕ್ಕೆ ಕೊಟ್ಟಿದ್ದ ಮೊಬೈಲ್ ನಂಬರನ್ನು ಮೇಷ್ಟ್ರು ಎಂದೋ ಬಿಟ್ಟಿದ್ದರು.

ಅಡುಗೆಮನೆಯಿಂದ ಬಂದ ಕಾಫಿ ಮೇಜಿನ ಮೇಲೆಯೇ ಆರಿತು. ಗಾಬರಿಯಲ್ಲಿ ಬಯೋಸ್‌ನ ಪುಟಗಳನ್ನು ತಿರುವುತ್ತಿದ್ದಾಗ ಟಿಪಿಎಂ ಎಂಬ ಚಿಪ್ಪನ್ನು ಅಳಿಸುವ ಆಯ್ಕೆ ಕಣ್ಣಿಗೆ ಬಿತ್ತು. ಅದನ್ನು ಒತ್ತಿದರೆ ಎಲ್ಲ ಮೊದಲಿನಂತಾದೀತೇ ಎಂಬ ಯೋಚನೆಯೂ ಬಂದಿತ್ತೆಂದು ಒಪ್ಪಿಕೊಳ್ಳಬೇಕು. ಒತ್ತಿದ್ದರೆ ಮೇಷ್ಟ್ರ ಮೂರು ವರ್ಷದ ಬರಹ ಅಲ್ಲಿಗೆ ಮುಗಿಯುತ್ತಿತ್ತು.

ಡಿಸ್ಕಿನ ಬೀಗ ತೆರೆಯುವ ಗುಟ್ಟು ಇರುವುದು ಆ ಟಿಪಿಎಂ ಚಿಪ್ಪಿನಲ್ಲಿ. ಯಂತ್ರ ಶುರುವಾಗುವಾಗ ಕೆಲವು ಸ್ಥಿತಿಗಳನ್ನು ಅಳೆದು, ಹಿಂದಿನ ಲೆಕ್ಕಕ್ಕೆ ಅವು ತಾಳೆಯಾದರೆ ಮಾತ್ರ ಅದು ಗುಟ್ಟನ್ನು ಬಿಟ್ಟುಕೊಡುತ್ತದೆ. ಸೆಕ್ಯೂರ್ ಬೂಟ್ ಆನ್ ಇದೆಯೇ, ಆಫ್ ಆಗಿದೆಯೇ ಎಂಬುದೂ ಆ ಸ್ಥಿತಿಗಳಲ್ಲೊಂದು. ನಾನು ಆಫ್ ಮಾಡಿದ ಕೂಡಲೇ ತಾಳೆ ತಪ್ಪಿತು. ಚಿಪ್ಪಿನಲ್ಲಿರುವುದನ್ನೇ ಅಳಿಸಿಬಿಟ್ಟರೆ ಆಮೇಲೆ ಉಳಿಯುವ ದಾರಿ ಆ 48 ಅಂಕಿ ಮಾತ್ರ, ನಮ್ಮ ಕೈಯಲ್ಲಿ ಇಲ್ಲದ್ದೂ ಅದೇ. ಇದಿಷ್ಟು ಹೊಳೆಯಲು ನನಗೆ ಒಂದು ಗಂಟೆ ಹಿಡಿಯಿತು. ಬೇರೆ ಯಾವುದನ್ನೂ ಮುಟ್ಟದೆ ಸೆಕ್ಯೂರ್ ಬೂಟನ್ನು ಮತ್ತೆ ಆನ್ ಮಾಡಿ ಯಂತ್ರವನ್ನು ಶುರು ಮಾಡಿದಾಗ, ಏನೂ ನಡೆದೇ ಇಲ್ಲವೆಂಬಂತೆ ವಿಂಡೋಸ್ ತೆರೆದುಕೊಂಡಿತು.

ಮೇಷ್ಟ್ರು ಬೈಯಲಿಲ್ಲ. "ಮೊದಲು ನನ್ನ ಪುಸ್ತಕ ತೆಗೆದುಕೊಡಪ್ಪ" ಎಂದರು ಅಷ್ಟೆ.

ಅವರ ಕಡತಗಳನ್ನೆಲ್ಲ ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿದ ಮೇಲೆ, ಕಮ್ಯಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಬಿಟ್‌ಲಾಕರನ್ನು ನಿರ್ವಹಿಸುವ ಮ್ಯಾನೇಜ್-ಬಿಡಿಇ ಆದೇಶದ ಮೂಲಕ ರಿಕವರಿ ಕೀಯನ್ನು ತೆಗೆದು, ಆರಾರು ಅಂಕಿಗಳ ಎಂಟು ಗುಂಪನ್ನು ಮೇಷ್ಟ್ರಿಂದಲೇ ಬರೆಸಿದೆ. ಅವರ ಅಕ್ಷರ ನನ್ನದಕ್ಕಿಂತ ಎಷ್ಟೋ ಚೆನ್ನಾಗಿದೆ. ಬಳಿಕ ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ಆಫ್ ಮಾಡಿ, ಡಿಸ್ಕಿನ ಬೀಗ ಪೂರ್ತಿ ಬಿಡುವವರೆಗೆ ಕಾದೆ. ಫಾಸ್ಟ್ ಸ್ಟಾರ್ಟಪ್ಪನ್ನೂ ಆಫ್ ಮಾಡಿದೆ, ಏಕೆಂದರೆ ಅದು ಇದ್ದರೆ ವಿಂಡೋಸ್ ಪೂರ್ತಿ ಮುಚ್ಚದೆ ಅರೆನಿದ್ರೆಯಲ್ಲಿರುತ್ತದೆ. ಆಗ ಲಿನಕ್ಸಿನಿಂದ ಸಿ ಡ್ರೈವಿಗೆ ಬರೆಯಹೋಗುವುದು ಅಪಾಯ. ಸಿ ಡ್ರೈವನ್ನು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಿಂದಲೇ ಕುಗ್ಗಿಸಿ 100 ಜಿಬಿ ಬಿಡಿಸಿಕೊಂಡೆ. ಉಬುಂಟು 24.04 ಕೂತದ್ದು ಕೊನೆಯ ಇಪ್ಪತ್ತು ನಿಮಿಷದಲ್ಲಿ, ಅದೂ ಸೆಕ್ಯೂರ್ ಬೂಟ್ ಆನ್ ಇರುವಾಗಲೇ. ಅದನ್ನು ಆಫ್ ಮಾಡುವ ಅಗತ್ಯವೇ ಇರಲಿಲ್ಲ. ಉಬುಂಟುವನ್ನು ಶುರು ಮಾಡಿಸುವ ಮೊದಲ ಬೂಟ್ ಲೋಡರಿಗೆ ಮೈಕ್ರೋಸಾಫ್ಟಿನ ಸಹಿ ಇದ್ದು, ಹತ್ತು ವರ್ಷಕ್ಕೂ ಹಿಂದಿನಿಂದ ಹೀಗೆಯೇ ನಡೆಯುತ್ತಿದೆ. ಬಿಟ್‌ಲಾಕರ್ ಇದ್ದರೆ ಆ ಇನ್‌ಸ್ಟಾಲರ್ ತಾನೇ ತಡೆದು ನಿಲ್ಲಿಸಿ ಎಚ್ಚರಿಸುತ್ತದೆ ಕೂಡ. ನಾನು ಅಲ್ಲಿಯವರೆಗೆ ಹೋಗುವ ಮೊದಲೇ ಕೈ ಹಾಕಿದ್ದೆ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಮೇಷ್ಟ್ರ ಫೋನ್ ಬಂದಾಗ ಎದೆ ಧಸಕ್ಕೆಂದಿತು. ವಿಂಡೋಸಿನ ಗಡಿಯಾರ ನಾಲ್ಕೂವರೆ ತೋರಿಸುತ್ತಿದೆಯಂತೆ. ಯಂತ್ರದೊಳಗಿನ ಗಡಿಯಾರವನ್ನು ಉಬುಂಟು ಗ್ರೀನಿಚ್ ಸಮಯಕ್ಕೆ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯವೆಂದು ಓದುತ್ತದೆ. ನಡುವಿನ ಅಂತರ ಐದೂವರೆ ಗಂಟೆ. ಗಡಿಯಾರವನ್ನು ಸ್ಥಳೀಯ ಸಮಯದಲ್ಲೇ ಇಡುವಂತೆ ಉಬುಂಟುವಿಗೆ ಹೇಳುವ ಒಂದು ಸಾಲಿನ ಆದೇಶವನ್ನು ಅವರ ಮಗಳಿಗೆ ಫೋನಿನಲ್ಲೇ ಹೇಳಿದೆ. ಅವಳು ಅದನ್ನು ಟೈಪು ಮಾಡಿ, "ಅಣ್ಣ, ಉಬುಂಟುವಿನಲ್ಲಿ ಅಪ್ಪನ ಪುಸ್ತಕ ತೆರೆದರೆ ಬರೀ ಇಂಗ್ಲಿಷ್ ಅಕ್ಷರ ಬರುತ್ತಿವೆ" ಎಂದಳು. ಅದು ನುಡಿಯ ಹಳೆಯ ಫಾಂಟಿನ ಬರಹ, ಎಲ್ಲ ಯಂತ್ರಗಳಿಗೂ ಸಮಾನವಾದ ಅಕ್ಷರ ಸಂಕೇತವಾದ ಯೂನಿಕೋಡಿಗೆ ಬದಲಿಸಬೇಕು ಎಂದು ತಿಳಿಸಿ, ಬದಲಿಸುವ ಮೊದಲು ಹಾರ್ಡ್‌ಡಿಸ್ಕಿನ ನಕಲು ಇದೆಯೇ ನೋಡು ಎಂದೆ.