ಬಿಸುವಿನ ದಿನದ ಐದು ಮೊಟ್ಟೆ

ಬಿಸು ಅಂದರೆ ನಮ್ಮ ಕಡೆಯ ಯುಗಾದಿ. ಆ ದಿನ ಎದ್ದವರು ಮೊದಲು ಜೋಡಿಸಿಟ್ಟ ಕಣಿಯನ್ನೇ ನೋಡಬೇಕು. 2025ರ ಬಿಸು ಏಪ್ರಿಲ್ 14ಕ್ಕೆ ಬಂದಿತ್ತು. ಅಮ್ಮ ಹಿಂದಿನ ರಾತ್ರಿಯೇ ಸೌತೆಕಾಯಿ, ತೆಂಗಿನಕಾಯಿ, ಕನ್ನಡಿ, ಕಕ್ಕೆ ಹೂವು ಎಲ್ಲ ಜೋಡಿಸಿ ಮಲಗಿದ್ದರು. ನಾನು ಆ ದಿನ ಮೊದಲು ನೋಡಿದ್ದು ಹಾವಿನ ಮೊಟ್ಟೆ.

ನಸುಕಿಗೆ ನಾಲ್ಕೂವರೆ ಇರಬಹುದು. ಅಡಿಕೆ ಕೊಟ್ಟಿಗೆಗೆ ಹೋಗಿ ಹೆಣ್ಣು ಹಾವಿನ ಡಬ್ಬಿ ಮೆಲ್ಲ ಎಳೆದೆ. ಅದು ಸುರುಳಿ ಸುತ್ತಿ ಕೂತಿತ್ತು. ಸುರುಳಿಯ ನಡುವೆ ಬಿಳಿ ಕಂಡಿತು. ಐದು ಮೊಟ್ಟೆ, ಒಂದಕ್ಕೊಂದು ಅಂಟಿಕೊಂಡು. ಡಬ್ಬಿ ಮುಚ್ಚಿ ಒಳಗೆ ಬಂದು, ಕಣ್ಣು ಮುಚ್ಚಿಕೊಂಡು, ಈಗಷ್ಟೇ ಎದ್ದವನ ಹಾಗೆ ಕಣಿಯ ಮುಂದೆ ನಿಂತೆ. ಅಮ್ಮನಿಗೆ ಇವತ್ತಿನವರೆಗೆ ಹೇಳಿಲ್ಲ.

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದಿಂದ ಒಳಗೆ. ಎರಡು ಎಕರೆ ಅಡಿಕೆ, ಎರಡು ದನ, ತೋಟದ ಮೂಲೆಯಲ್ಲಿ ನಾಗಬನ. ಪೇಟೆಯಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಮನೆಯಲ್ಲಿ ಮೊಟ್ಟೆ ಕೂಡ ತಿನ್ನುವುದಿಲ್ಲ. ಇಂಥಾ ಮನೆಯಲ್ಲಿ ಆಫ್ರಿಕದ ಹೆಬ್ಬಾವು ಸಾಕಿದ್ದೇನೆ ಅಂದರೆ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ.

ಬಾಲ್ ಪೈಥಾನ್ ನಮ್ಮ ಹೆಬ್ಬಾವಿನ ಹಾಗೆ ದೊಡ್ಡದಲ್ಲ. ನಾಲ್ಕೈದು ಅಡಿ. ವಿಷ ಇಲ್ಲ. ಹೆದರಿದರೆ ತಲೆಯನ್ನು ನಡುವೆ ಬಚ್ಚಿಟ್ಟು ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ, ಹೆಸರು ಬಂದದ್ದು ಅದರಿಂದಲೇ. ಊರು ಪಶ್ಚಿಮ ಆಫ್ರಿಕ: ಘಾನಾ, ಟೋಗೊ, ಬೆನಿನ್ ಆ ಕಡೆ. ಬೆನಿನ್‌ನ ವೀಡಾ ಎಂಬ ಊರಿನಲ್ಲಿ ಈ ಹಾವಿಗೆ ಗುಡಿಯೇ ಇದೆ. ಹಾವು ಮನೆಯೊಳಗೆ ಬಂದರೆ ಹೊಡೆಯುವುದಿಲ್ಲ, ಮರ್ಯಾದೆಯಿಂದ ಗುಡಿಗೆ ಮುಟ್ಟಿಸುತ್ತಾರೆ. ಅಮ್ಮನನ್ನು ಒಪ್ಪಿಸಲು ಇದನ್ನೇ ಹೇಳಿದ್ದೆ. ಅಮ್ಮ ಅಂದದ್ದು ಇಷ್ಟೇ: "ಹಾಗಾದರೆ ಅವರು ಕೈಮುಗಿಯುವುದು. ನೀನು ಡಬ್ಬಿಯಲ್ಲಿ ಹಾಕುವುದೆಂತಕ್ಕೆ?"

ಅದಕ್ಕೆ ನನ್ನಲ್ಲಿ ಈಗಲೂ ಉತ್ತರ ಇಲ್ಲ. ಬಣ್ಣದ ಹುಚ್ಚು, ಅಷ್ಟೇ.

ಸಾದಾ ಬಾಲ್ ಪೈಥಾನ್ ಕಪ್ಪು ಮಿಶ್ರಿತ ಕಂದು, ಮೈಮೇಲೆ ಹೊಂಬಣ್ಣದ ಪಟ್ಟೆ. ಪೈಬಾಲ್ಡ್ ಅನ್ನುವುದು ಬೇರೆಯೇ. ಮೈಯ ಅಲ್ಲಲ್ಲಿ ಬಣ್ಣವೇ ಇಲ್ಲ, ಸುಣ್ಣ ಬಳಿದ ಹಾಗೆ ಅಚ್ಚ ಬಿಳಿ. ಇದು ತಾಯ್ತಂದೆಯಿಂದ ಮರಿಗೆ ದಾಟುವ ಗುಣ ಎಂದು 1997ರಲ್ಲಿ ಮರಿ ಮಾಡಿಸಿ ತೋರಿಸಿದವನು ಅಮೆರಿಕದ ಪೀಟ್ ಕಾಲ್. ಗುಣ ರಿಸೆಸಿವ್, ಅಂದರೆ ಅಡಗಿ ಕೂರುವಂಥದ್ದು. ತಾಯಿಯಿಂದ ಒಂದು, ತಂದೆಯಿಂದ ಒಂದು, ಎರಡೂ ಸೇರಿದರೆ ಮಾತ್ರ ಬಿಳಿ ಹೊರಗೆ ಬರುತ್ತದೆ. ಒಂದೇ ಇದ್ದರೆ ಹಾವು ನೋಡಲು ಸಾದಾ. ಅಂಥದ್ದನ್ನು 'ಹೆಟ್' ಅನ್ನುತ್ತಾರೆ. ನಮ್ಮಲ್ಲಿ ಅಪ್ಪ ಅಮ್ಮ ಇಬ್ಬರಿಗೂ ಕಪ್ಪು ಕಣ್ಣಿದ್ದು ಮಗುವಿಗೆ ಬೆಕ್ಕಿನ ಕಣ್ಣು ಬಂದರೆ "ಅಜ್ಜಿಯದ್ದು" ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಹಾಗೆ.

ದುಡ್ಡಿದ್ದವರು ಪೈಬಾಲ್ಡ್ ಜೋಡಿಯನ್ನೇ ತರುತ್ತಾರೆ. ಹುಟ್ಟುವುದೆಲ್ಲ ಪೈಬಾಲ್ಡೇ, ಕತೆ ಮುಗಿಯಿತು. ಅದು ನನ್ನ ಕೈಗೆ ಎಟುಕುವ ಮಾತಲ್ಲ. ಒಂದು ಪೈಬಾಲ್ಡ್ ಗಂಡು, ಒಂದು ಸಾದಾ ಹೆಣ್ಣು ತರಬಹುದು. ಆದರೆ ಆ ಮರಿಗಳೆಲ್ಲ ಹೆಟ್ ಆಗುತ್ತವೆ, ಒಂದೂ ಬಿಳಿ ಬರುವುದಿಲ್ಲ. ಅವುಗಳಲ್ಲಿ ಹೆಣ್ಣು ಬೆಳೆದು ಮತ್ತೆ ಅಪ್ಪನ ಜೊತೆಗೇ ಕೂಡಿಸುವವರೆಗೆ ಕಾಯಬೇಕು. ಹೆಣ್ಣು ಒಂದೂವರೆ ಕಿಲೋ ತೂಗಬೇಕು, ಅದಕ್ಕೆ ಮೂರು ವರ್ಷವಾದರೂ ಬೇಕು. ಎರಡು ತಲೆಮಾರಿಗೆ ಆರೇಳು ವರ್ಷ. ಉಳಿದದ್ದು ಮೂರನೆಯ ದಾರಿ, ಹೆಟ್ ಜೋಡಿ. ನಾನು ಹಿಡಿದದ್ದು ಅದು.

ಆ ಜೋಡಿಯನ್ನು 2020ರಲ್ಲಿ ಕೊಂಡೆ. ಆ ವರ್ಷ ಕೇಂದ್ರ ಸರಕಾರ ವಿದೇಶಿ ಪ್ರಾಣಿ ಸಾಕುವವರು ತಾವಾಗಿಯೇ ಘೋಷಿಸಿಕೊಳ್ಳಲು ಅವಕಾಶ ಕೊಟ್ಟಿತ್ತು, ಅದರಲ್ಲಿ ಹೆಸರು ಹಾಕಿಸಿದೆ. 2024ರಲ್ಲಿ ಹೊಸ ನಿಯಮ ಬಂದ ಮೇಲೆ ಕೇಂದ್ರ ಸರಕಾರದ ಪರಿವೇಶ್ ಎಂಬ ವೆಬ್ ಪೋರ್ಟಲ್‌ನಲ್ಲಿ ಮತ್ತೆ ನೋಂದಣಿ. ಇದರಲ್ಲಿ ಉಳಿತಾಯ ಮಾಡಲು ಹೋಗಬಾರದು. ನಮ್ಮ ತೋಟಕ್ಕೆ ಬರುವ ಹೆಬ್ಬಾವಿನ ಮಾತು ಬಿಡಿ, ಅದು ವನ್ಯಜೀವಿ ಕಾನೂನಿನ ಮೊದಲ ಪಟ್ಟಿಯಲ್ಲಿದೆ, ಸಾಕುವ ಯೋಚನೆಯೇ ಅಪರಾಧಕ್ಕೆ ದಾರಿ.

ಮಾರಿದವನು "ಎರಡೂ ನೂರು ಪರ್ಸೆಂಟ್ ಹೆಟ್" ಅಂದ. ಬೇರೆ ಬೇರೆ ತಾಯಿಯ ಮರಿಗಳು. ಜೋಡಿಗೆ ಒಂದು ಹಳೆಯ ಸ್ಕೂಟರಿನ ಬೆಲೆ. ನೋಡಿದರೆ ಎರಡೂ ಸಾದಾ. ಬಾಲದ ಹತ್ತಿರ ಹೊಟ್ಟೆಯಡಿ ಎರಡು ಗೆರೆ ಇದ್ದರೆ ಹೆಟ್ ಅನ್ನುತ್ತಾರೆ. ಆ ಗೆರೆ ಇದ್ದು ಹೆಟ್ ಅಲ್ಲದವೂ ಉಂಟು, ಇಲ್ಲದೆ ಹೆಟ್ ಆದವೂ ಉಂಟು. ಅಂದರೆ ನಾನು ಕೊಂಡದ್ದು ಎರಡು ಸಾದಾ ಹಾವು ಮತ್ತು ಒಂದು ಮಾತು. ಆ ಮಾತು ನಿಜವೋ ಅಲ್ಲವೋ ಗೊತ್ತಾಗಲು ಐದು ವರ್ಷ.

ಈ ಐದು ವರ್ಷದ ಖರ್ಚು ಹೇಗೆ ತೂಗಿಸಿದೆ ಅಂದರೆ, ಎಲ್ಲ ಜುಗಾಡ್. ಬಟ್ಟೆ ತುಂಬುವ ಪ್ಲಾಸ್ಟಿಕ್ ಡಬ್ಬಿಗೆ ಸೋಲ್ಡರಿಂಗ್ ಐರನ್‌ನಲ್ಲಿ ತೂತು ಮಾಡಿದೆ. ಕೆಳಗೆ ಹಾಸಲು ತೆಂಗಿನ ನಾರಿನ ಪುಡಿ, ಅದು ನಮ್ಮೂರಲ್ಲಿ ಹೆಚ್ಚುಕಡಿಮೆ ಪುಕ್ಕಟೆ. ಬಿಸಿಯನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಕೋಳಿಮರಿ ಮಾಡುವವರು ಬಳಸುವಂಥದ್ದು. ಅದೊಂದರಲ್ಲಿ ಮಾತ್ರ ಎರಡು ಕೊಂಡೆ, ಒಂದು ಕೈಕೊಟ್ಟರೆ ಹಾವು ಬೆಂದುಹೋಗುತ್ತದೆ.

ಕಷ್ಟವಾದದ್ದು ಇಲಿ. ಹಾವು ಹಾಲು ಕುಡಿಯುವುದಿಲ್ಲ, ನಾಗರಪಂಚಮಿಯ ದಿನವೂ ಕುಡಿಯುವುದಿಲ್ಲ. ಅದಕ್ಕೆ ಇಲಿಯೇ ಬೇಕು. "ಅಡಿಕೆ ಕೊಟ್ಟಿಗೆಯಲ್ಲಿ ಬೇಕಾದಷ್ಟುಂಟಲ್ಲ, ಹಿಡಿದು ಕೊಡು" ಎಂದು ಅಪ್ಪ. ಅದು ಆಗದು. ಪಕ್ಕದ ತೋಟದಲ್ಲಿ ಯಾರಾದರೂ ಪಾಷಾಣ ಇಟ್ಟಿದ್ದರೆ ಹಾವೂ ಹೋಯಿತು. ಹುಳದ ಕಾಟ ಬೇರೆ. ಹಾಗಾಗಿ ಹಟ್ಟಿಯ ಹಿಂದೆ ಬಿಳಿ ಇಲಿ ಸಾಕಿದೆ. ಮುಚ್ಚಿದ ಐಸ್‌ಕ್ರೀಮ್ ಅಂಗಡಿಯ ಹಳೇ ಫ್ರೀಜರ್ ತಂದೆ. ಸಸ್ಯಾಹಾರಿ ಮನೆಯವನು ಇಲಿ ಕೊಂದು ಫ್ರೀಜರಿನಲ್ಲಿಡುವುದು. ಮೊದಲ ಬಾರಿ ರಾತ್ರಿ ಊಟ ಸೇರಲಿಲ್ಲ. ಈಗ ಸೇರುತ್ತದೆ. ಅದು ಒಳ್ಳೆಯದೋ ಅಲ್ಲವೋ ಗೊತ್ತಿಲ್ಲ.

ಮಾರ್ಚ್ 16ಕ್ಕೆ ಹೆಣ್ಣು ಪೊರೆ ಬಿಟ್ಟಿತ್ತು. ಆ ಪೊರೆಯಿಂದ ಸುಮಾರು 30 ದಿನಕ್ಕೆ ಮೊಟ್ಟೆ ಎಂಬ ಲೆಕ್ಕ. ಹಾಗಾಗಿಯೇ ಆ ವಾರ ದಿನಾ ನಸುಕಿಗೆ ಎದ್ದು ನೋಡುತ್ತಿದ್ದೆ.

ಮೊಟ್ಟೆಗಳನ್ನು ಇಡಲು ಮಾಡಿದ ಪೆಟ್ಟಿಗೆ ಮೀನಿನದ್ದು. ಕಾಸರಗೋಡು ಮಾರ್ಕೆಟಿನಿಂದ ತಂದ ದಪ್ಪ ಥರ್ಮಾಕೋಲ್ ಪೆಟ್ಟಿಗೆ. ನಾಲ್ಕು ಸಲ ಸಾಬೂನು ಹಾಕಿ ತೊಳೆದು ವಾರ ಬಿಸಿಲಿಗಿಟ್ಟರೂ ಬಂಗುಡೆಯ ವಾಸನೆ ಪೂರ್ತಿ ಹೋಗಲಿಲ್ಲ. ಅಮ್ಮ ಆ ಕಡೆ ಬರುವುದನ್ನೇ ಬಿಟ್ಟರು. ಒಳಗೆ ಹೀಟ್ ಮ್ಯಾಟ್, ನೀರಿನ ಬಾಟಲಿಗಳು, ನಡುವೆ ಒದ್ದೆ ವರ್ಮಿಕುಲೈಟ್ (ತೇವ ಹಿಡಿದಿಡುವ ಖನಿಜದ ಪುಡಿ) ತುಂಬಿದ ಡಬ್ಬಿ. 31.5 ಡಿಗ್ರಿ. ಹಾವಿನ ಮೊಟ್ಟೆಯನ್ನು ಕೋಳಿಮೊಟ್ಟೆಯ ಹಾಗೆ ತಿರುಗಿಸಬಾರದು, ತಿರುಗಿಸಿದರೆ ಒಳಗಿನ ಮರಿ ಸಾಯಬಹುದು. ಪೆನ್ಸಿಲಿನಲ್ಲಿ ಮೇಲ್ಭಾಗಕ್ಕೆ ಗುರುತು ಹಾಕಿದೆ. ಮೊಬೈಲ್ ಟಾರ್ಚ್ ಹಿಡಿದಾಗ ಐದರಲ್ಲೂ ಕೆಂಪು ನರ ಕಂಡಿತು.

ಲೆಕ್ಕ ಸುಲಭ. ಇಬ್ಬರೂ ಹೆಟ್ ಆಗಿದ್ದರೆ ಪ್ರತಿ ಮೊಟ್ಟೆಗೂ ನಾಲ್ಕರಲ್ಲಿ ಒಂದು ಅವಕಾಶ. ಅಂದರೆ ನಾಲ್ಕು ಮೊಟ್ಟೆಗೆ ಒಂದು ಬಿಳಿ ಗ್ಯಾರಂಟಿ ಅಂತಲ್ಲ. ನಾನೂ ಮೊದಲು ಹಾಗೇ ತಿಳಿದಿದ್ದೆ. ಐದೂ ಮರಿಯಾಗಿ ಒಂದೂ ಬಿಳಿ ಬಾರದಿರುವ ಸಾಧ್ಯತೆ ಶೇಕಡಾ 24. ಮೇ ತಿಂಗಳಲ್ಲಿ ಒಂದು ಮೊಟ್ಟೆ ಹಳದಿಯಾಗಿ, ಬೂಸ್ಟು ಬಂದು, ಕುಗ್ಗಿ ಹೋಯಿತು. ಉಳಿದದ್ದು ನಾಲ್ಕು. ಆಗ ಆ ಸಾಧ್ಯತೆ ಶೇಕಡಾ 32ಕ್ಕೆ ಏರಿತು. ನಾಲ್ಕೂ ಕಂದು ಬಂದರೆ ಮಾರಿದವನು ಮೋಸ ಮಾಡಿದನೋ, ನನ್ನ ಅದೃಷ್ಟ ಕೆಟ್ಟಿತೋ ಎಂದು ತಿಳಿಯುವ ದಾರಿಯೇ ಇಲ್ಲ. ಒಂದೇ ಒಂದು ಬಿಳಿ ಬಂದರೆ ಸಾಕು, ಎರಡೂ ಹಾವಿನ ಜಾತಕ ಒಟ್ಟಿಗೆ ಗೊತ್ತಾಗುತ್ತದೆ.

ಆ ವರ್ಷ ಮಳೆಗಾಲ ಮೇ 24ಕ್ಕೇ ಕೇರಳಕ್ಕೆ ಬಂತು. ಮಾರನೆ ರಾತ್ರಿ ಗಾಳಿಗೆ ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. ಮೊದಲ ನಾಲ್ಕು ಗಂಟೆ ಇನ್ವರ್ಟರ್ ಎಳೆಯಿತು. ಆಮೇಲೆ ಪೆಟ್ಟಿಗೆಯ ಥರ್ಮಾಮೀಟರ್ 30 ತೋರಿಸಿತು, ಆಮೇಲೆ 29. ನಮ್ಮ ತೋಟದ ಹೆಬ್ಬಾವಾದರೆ ಮೊಟ್ಟೆಗೆ ಸುತ್ತಿಕೊಂಡು ಮೈ ನಡುಗಿಸಿ ತಾನೇ ಬಿಸಿ ಕೊಡುತ್ತದೆ. ನನ್ನ ಥರ್ಮಾಕೋಲ್ ಪೆಟ್ಟಿಗೆ ನಡುಗುವುದಿಲ್ಲ.

ಏನು ಮಾಡುವುದೆಂದು ಟಾರ್ಚ್ ಹಿಡಿದು ನಿಂತಿದ್ದೆ. ಬಚ್ಚಲ ಕಡೆಯಿಂದ ಹೊಗೆ ಬಂತು. ಅಪ್ಪ ಹಂಡೆಗೆ ಬೆಂಕಿ ಹಾಕಿದ್ದರು. ರಾತ್ರಿ ಎರಡು ಗಂಟೆಗೆ, ತೆಂಗಿನ ಸಿಪ್ಪೆ ಒಟ್ಟಿ.

"ಬಾಟಲಿ ತಾ" ಅಂದರು. "ಹೆದ್ದಾರಿಯವರೇ 54 ದಿನ ಕಾದರಂತೆ. ನಾವು ಒಂದು ರಾತ್ರಿ ಕಾಯಬಾರದಾ?"

2022ರ ಮಾತು ಅದು. ಕಾಸರಗೋಡಿನಲ್ಲಿ ಹೆದ್ದಾರಿ ಅಗಲ ಮಾಡುವಾಗ ಹೆಬ್ಬಾವಿನ ಮೊಟ್ಟೆ ಸಿಕ್ಕಿತ್ತು. ಆ ಜಾಗದ ಕೆಲಸ 54 ದಿನ ನಿಲ್ಲಿಸಿದರು, 24 ಮರಿಯಾದವು. ಪೇಪರಿನಲ್ಲಿ ಓದಿದ್ದನ್ನು ಅಪ್ಪ ಮೂರು ವರ್ಷ ನೆನಪಿಟ್ಟುಕೊಂಡಿದ್ದರು ಅಂತ ನನಗೆ ಗೊತ್ತೇ ಇರಲಿಲ್ಲ. ಬಿಸಿನೀರು ತುಂಬಿ, ಬೈರಾಸು ಸುತ್ತಿ, ಎರಡೆರಡು ಗಂಟೆಗೊಮ್ಮೆ ಬಾಟಲಿ ಬದಲಿಸಿದೆವು. 28ರಿಂದ ಕೆಳಗೆ ಇಳಿಯಲಿಲ್ಲ. ಕರೆಂಟು ಬಂದದ್ದು ಮರುದಿನ ಸಂಜೆ.

ಜೂನ್ 11, ಬುಧವಾರ, 58ನೆಯ ದಿನ. ಒಂದು ಮೊಟ್ಟೆಯಲ್ಲಿ ಬ್ಲೇಡ್ ಎಳೆದ ಹಾಗೆ ಸಣ್ಣ ಸೀಳು. ಅದರಿಂದ ಒಂದು ಮೂಗು. ಅಂಗಡಿ ತೆರೆಯಲಿಲ್ಲ. ಸಂಜೆಗೆ ನಾಲ್ಕರಿಂದಲೂ ತಲೆ ಹೊರಗೆ ಬಂದಿತ್ತು. ಅಪ್ಪ ಬಗ್ಗಿ ನೋಡಿದರು.

"ಎಲ್ಲ ಕಂದೇ ಮಾರಾಯ. ನಿನ್ನ ದುಡ್ಡು ಹೋಯಿತು."

ಇದರ ಚೇಷ್ಟೆ ಇರುವುದೇ ಇಲ್ಲಿ. ಪೈಬಾಲ್ಡ್‌ಗೂ ಸಾಮಾನ್ಯವಾಗಿ ತಲೆ ಕಂದೇ ಇರುತ್ತದೆ. ಬಿಳಿ ಇರುವುದು ಕುತ್ತಿಗೆಯಿಂದ ಕೆಳಗೆ. ತಲೆ ನೋಡಿ ಏನೂ ಹೇಳಲು ಬರುವುದಿಲ್ಲ. ತಲೆ ಹೊರಗಿಟ್ಟ ಮೇಲೂ ಮರಿ ಒಂದೆರಡು ದಿನ ಮೊಟ್ಟೆಯೊಳಗೇ ಕೂತು, ಉಳಿದ ಹಳದಿಯನ್ನು ಹೀರಿಕೊಳ್ಳುತ್ತದೆ. ತುಂಬಾ ಜನ ಕತ್ತರಿ ಹಾಕಿ ಮೊಟ್ಟೆ ಸೀಳಿ ನೋಡುತ್ತಾರೆ. ನಾನೂ ಅಂಗಡಿಯ ಸಣ್ಣ ಕತ್ತರಿ ಸ್ಪಿರಿಟಿನಲ್ಲಿ ಒರೆಸಿ ಕೈಯಲ್ಲಿ ಹಿಡಿದೆ. ಕೈ ನಡುಗಿತು. ಮೊಬೈಲಾದರೆ ಹಾಳಾದರೆ ಬೇರೆ ಡಿಸ್‌ಪ್ಲೇ ಹಾಕಬಹುದು. ಕತ್ತರಿ ಇಟ್ಟು ಬಂದೆ.

ಆ ಒಂದೂವರೆ ದಿನ ನಾನು ಮನುಷ್ಯನಾಗಿರಲಿಲ್ಲ. ಗಳಿಗೆಗೊಮ್ಮೆ ಕೊಟ್ಟಿಗೆಗೆ. ಒಂದು ಮರಿ ಗುರುವಾರ ರಾತ್ರಿ ಹೊರಬಂತು, ಪೂರ್ತಿ ಕಂದು. ಮಲಗಿದೆ.

ಬೆಳಿಗ್ಗೆ ಹಾಲು ಕರೆಯಲು ಹೋದ ಅಪ್ಪ ಹಟ್ಟಿಯ ಹತ್ತಿರದಿಂದಲೇ ಕರೆದರು.

"ಮಾಣೀ, ಒಂದಕ್ಕೆ ತೊನ್ನು ಉಂಟಲ್ಲ, ಎಂತ ಕತೆ?"

ಚೆಂಬು ಕೈಯಲ್ಲೇ ಇತ್ತು. ಹಾಲು ಕರೆಯುವ ಮೊದಲು ಪೆಟ್ಟಿಗೆ ಇಣುಕಿದ್ದಾರೆ. ಓಡಿದೆ. ಕುತ್ತಿಗೆಯ ಕೆಳಗೆ ಒಂದು ಗೇಣಿನಷ್ಟು ಬಿಳಿ. ನಡುವೆ ಒಂದು ಕಂದು ಮಚ್ಚೆ, ಮತ್ತೆ ಬಿಳಿ, ಬಾಲದಲ್ಲಿ ಮತ್ತೆ ಬಣ್ಣ. ಮೈ ಇನ್ನೂ ಒದ್ದೆ ಇತ್ತು. ಅದನ್ನು ನೋಡಿ ನನಗೆ ಮೊದಲು ನೆನಪಾದದ್ದು ಮಾರಿದವನು. ಐದು ವರ್ಷ ಮನಸ್ಸಿನಲ್ಲೇ ಕಳ್ಳ ಅಂದುಕೊಂಡಿದ್ದೆ. ಫೋಟೊ ಕಳಿಸಿದೆ. ಒಂದು ಹೆಬ್ಬೆರಳು ವಾಪಸ್ ಬಂತು, ಅಷ್ಟೇ.

ಉಳಿದ ಎರಡೂ ಮಧ್ಯಾಹ್ನದೊಳಗೆ ಬಂದವು, ಕಂದು. ಹುಟ್ಟಿದ ಲೆಕ್ಕವನ್ನು ಪೋರ್ಟಲ್‌ಗೆ ಹಾಕಿದೆ.

ಈಗ ತೊಡಕು ಇರುವುದು ಆ ಮೂರು ಕಂದು ಮರಿಗಳಲ್ಲಿ. ಹೆಟ್ ಜೋಡಿಗೆ ಹುಟ್ಟಿದ ಸಾದಾ ಮರಿ ಹೆಟ್ ಆಗಿರುವ ಸಾಧ್ಯತೆ ಮೂರರಲ್ಲಿ ಎರಡು. ಅದನ್ನೇ 66 ಪರ್ಸೆಂಟ್ ಹೆಟ್ ಅನ್ನುತ್ತಾರೆ. ಕೇಳಿದವರಿಗೆ ಹಾವಿನೊಳಗೆ 66 ಪಾಲು ಏನೋ ತುಂಬಿದೆ ಅನ್ನಿಸುತ್ತದೆ. ಹಾಗಲ್ಲ. ಇದ್ದರೆ ಪೂರ್ತಿ ಉಂಟು, ಇಲ್ಲದಿದ್ದರೆ ಇಲ್ಲವೇ ಇಲ್ಲ. ಒಬ್ಬ ಫೋನ್ ಮಾಡಿ, "ಚೀಟಿಯಲ್ಲಿ ನೂರು ಅಂತ ಬರೆದು ಕೊಡಿ, ಸ್ವಲ್ಪ ಜಾಸ್ತಿ ಕೊಡುತ್ತೇನೆ, ಯಾರಿಗೆ ಗೊತ್ತಾಗುತ್ತದೆ?" ಅಂದ. ನಿಜ, ಮೂರು ವರ್ಷ ಯಾರಿಗೂ ಗೊತ್ತಾಗುವುದಿಲ್ಲ. ಆ ಮೂರು ವರ್ಷ ಕಾಯುವುದು ಹೇಗಿರುತ್ತದೆ ಅಂತ ನನಗೆ ಗೊತ್ತಲ್ವಾ. ಡಬ್ಬಿಗಳ ಮೇಲೆ 'ಇರಬಹುದು' ಎಂದು ಕನ್ನಡದಲ್ಲೇ ಬರೆದು ಅಂಟಿಸಿದೆ. ಅವನು ಮತ್ತೆ ಫೋನ್ ಮಾಡಲಿಲ್ಲ.

ಮೂರು ಕಂದು ಮರಿಗಳು ಮೊದಲ ಪೊರೆ ಬಿಟ್ಟ ಮೇಲೆ ಸರಿಯಾಗಿ ತಿಂದವು. ಬಿಳಿಯದ್ದು ಮೂತಿ ತಿರುಗಿಸಿತು. ಒಂದು ವಾರ, ಎರಡು ವಾರ, ಐದು ವಾರ. ಆಟಿ ತಿಂಗಳ ಜಡಿಮಳೆಯಲ್ಲಿ ಒಂದು ರಾತ್ರಿ ಕೊನೆಗೂ ನುಂಗಿತು. ಊಟಕ್ಕೆ ಕೂತಾಗ ಹೇಳಿದೆ. ಅಮ್ಮ ಪತ್ರೊಡೆ ಬಡಿಸುತ್ತಾ, ಅನ್ನ ಉಣ್ಣುವಾಗ ಇಲಿಯ ಸುದ್ದಿ ಬೇಡ ಅಂದರು. ಅಪ್ಪ ಬೇರೆಯೇ ಲೆಕ್ಕದಲ್ಲಿದ್ದರು.

"ಐದು ವರ್ಷಕ್ಕೆ ಒಂದು ಬಿಳಿ ಹಾವು. ಅದೇ ವರ್ಷ ಆ ಕೆಳಗಿನ ತಟ್ಟಿನಲ್ಲಿ ಮಂಗಳ ಅಡಿಕೆ ನೆಟ್ಟಿದ್ದರೆ ಈಗ ಕೊಯ್ಯಬಹುದಿತ್ತು."

"ಅಡಿಕೆಗೆ ಕೊಳೆರೋಗ ಬರುತ್ತದಲ್ಲ ಅಪ್ಪಾ."

"ಇದಕ್ಕೆ?"

ನಾನು ಇನ್ನೊಂದು ಪತ್ರೊಡೆ ಹಾಕಿಸಿಕೊಂಡೆ. ಹಟ್ಟಿಯ ಹಿಂದೆ ಇಲಿಗಳ ಗೂಡು ತೊಳೆಯುವುದು ಬಾಕಿ ಇತ್ತು.