ಹೊಸ ಕೆಲಸ, ಲಾಂಗ್ ಲೈನ್ ಲಾರಿ

ಈಗ ಲಾರಿ ಡ್ರೈವರ್ ಆಗಿದ್ದೇನೆ. ಕುಶಾಲನಗರದಲ್ಲಿ ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ಮೂಟೆ ತುಂಬಿಸಿಕೊಂಡು ಮಂಗಳೂರು ಬಂದರಿಗೆ, ಅಲ್ಲಿಂದ ಸಿಕ್ಕ ಲೋಡಿಗೆ ಹುಬ್ಬಳ್ಳಿ, ಪುಣೆ. ತೋಟದ ಜೀಪು, ಪಿಕಪ್ ಓಡಿಸಿದ ಕೈಗೆ ಇದು ಇನ್ನೂ ಪೂರ್ತಿ ಒಗ್ಗಿಲ್ಲ.

ಮಡಿಕೇರಿ ದಾಟಿ ಸಂಪಾಜೆ ಕಡೆ ಘಾಟಿ ಇಳಿಯುವಾಗಲೇ ಈ ಕೆಲಸದ ತೂಕ ಗೊತ್ತಾಗುವುದು. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಬೇಕು, ಎಂಜಿನ್ನಿನ ಹೊಗೆ ತಡೆದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಹಾಕಬೇಕು. ಕಾಲನ್ನು ಬ್ರೇಕ್ ಮೇಲೆಯೇ ಇಟ್ಟರೆ ಚಕ್ರ ಹಿಡಿಯುವ ಲೈನರ್ ಕಾದು ಹಿಡಿತ ತಪ್ಪುತ್ತದೆ. "ಯಾವ ಗೇರಲ್ಲಿ ಹತ್ತುತ್ತೀಯೋ ಅದರಲ್ಲೇ ಇಳಿ ಮಾರಾಯ, ಹಿಂದಿನವನು ಹಾರ್ನ್ ಹೊಡೆದ್ರೆ ಹೊಡೀಲಿ" ಅಂತ ಜೊತೆಗಿದ್ದ ಹಿರಿಯ ಡ್ರೈವರಣ್ಣ ಹೇಳಿಕೊಟ್ಟರು. ಅವರ ಋಣ ದೊಡ್ಡದು. 2018ರ ಮಳೆಗೆ ಗುಡ್ಡ ಜರಿದ ಜೋಡುಪಾಲ ಬಂತೆಂದರೆ, ಜೋರು ಮಳೆಯಲ್ಲಿ ಈಗಲೂ ಎದೆ ಹಿಡಿದಂತಾಗುತ್ತದೆ.

ಘಾಟಿಗಿಂತ ಕಷ್ಟ ನಿದ್ದೆಯದ್ದು. ನಮ್ಮ ಚಳಿಗೆ ಒಗ್ಗಿದ ಮೈ, ಕರಾವಳಿಯ ಸೆಖೆಯಲ್ಲಿ ಕ್ಯಾಬಿನ್ ಒಳಗೆ ಹಗಲು ಮಲಗು ಅಂದರೆ ಕೇಳುವುದಿಲ್ಲ. 2025ರ ಅಕ್ಟೋಬರ್ 1ರ ನಂತರ ತಯಾರಾದ ದೊಡ್ಡ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯವಂತೆ, ಒಳ್ಳೆಯದೇ ಆಯಿತು. ನಮ್ಮದು ಅದಕ್ಕಿಂತ ಹಳೆಯ ಗಾಡಿ. ಮೋಟಾರು ಸಾರಿಗೆ ಕಾರ್ಮಿಕರಿಗೆ ದಿನಕ್ಕೆ 8 ಗಂಟೆ ಕೆಲಸ ಎಂದು 1961ರ ಕಾಯ್ದೆಯಲ್ಲೇ ಬರೆದಿತ್ತು. ರಸ್ತೆಯಲ್ಲಿ ಸಿಗುವ ಡ್ರೈವರುಗಳ ಕಣ್ಣು ನೋಡಿದರೆ ಆ ಲೆಕ್ಕ ಎಲ್ಲೂ ಕಾಣುವುದಿಲ್ಲ.

ಮೊನ್ನೆ ಮನೆಯವಳು ಫೋನಿನಲ್ಲಿ "ಊಟ ಆಯ್ತಾ" ಅಂತ ಕೇಳುವ ಮೊದಲು "ನಿದ್ದೆ ಆಯ್ತಾ" ಅಂದಳು. ನಿಮ್ಮ ಮನೆಯಲ್ಲೂ ಲಾರಿ ಓಡಿಸುವವರಿದ್ದರೆ ಅದನ್ನೇ ಮೊದಲು ಕೇಳಿ.