ಒಂದೇ ಕಡತ, ಹಲವು ಕೈ

ಮುಂಬಯಿಯ ಮಾಟುಂಗಾದಲ್ಲಿ ಕೆಲವರು, ಪುಣೆಯಲ್ಲಿ ಕೆಲವರು ಕೂತು ಕನ್ನಡ ಸಂಘದ ಸ್ಮರಣ ಸಂಚಿಕೆಯನ್ನು ಒಟ್ಟಿಗೇ ತಿದ್ದುತ್ತಾರೆ ಅಂದುಕೊಳ್ಳಿ. ಹೀಗೆ ಹಲವರು ಒಂದೇ ಕಡತ ತಿದ್ದುವ ಆ್ಯಪ್‌ಗೆ ಮೊದಲ ಪರೀಕ್ಷೆ ‘ಸ್ತ್ರೀ’ ಎಂಬ ಪದ. ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್‌ನಲ್ಲಿ 6 ಸಂಕೇತ: ಸ, ತ, ರ, ನಡುವೆ ಎರಡು ಹಲಂತ (ವ್ಯಂಜನಗಳನ್ನು ಜೋಡಿಸುವ ಚಿಹ್ನೆ), ಕೊನೆಗೆ ಈಕಾರ. ಇನ್ನೊಬ್ಬರ ಕರ್ಸರ್ ಇವುಗಳ ಮಧ್ಯೆ ನುಸುಳಿ ಏನಾದರೂ ಸೇರಿಸಿದರೆ ಒತ್ತಕ್ಷರ ಒಡೆದುಹೋಗುತ್ತದೆ. ಹಾಗಾಗಿ ಕರ್ಸರ್ ಇಡೀ ಅಕ್ಷರವನ್ನೇ ದಾಟಬೇಕು. ಒಬ್ಬರು ಟೈಪ್ ಮಾಡುತ್ತಿರುವ ಅಕ್ಷರ ಮುಗಿಯುವವರೆಗೆ ಉಳಿದವರ ತಿದ್ದುಪಡಿ ಅಲ್ಲಿ ಕಾಯಬೇಕು.

ಮುಂಬಯಿ–ಪುಣೆ ನಡುವೆ ರೈಲು ಖಂಡಾಳ ಘಾಟಿನ ಸುರಂಗ ಹೊಕ್ಕರೆ ನೆಟ್‌ವರ್ಕ್ ಹೋಗಬಹುದು. ಸರ್ವರ್‌ಗೆ ಕಾಯದೆ, ಒತ್ತಿದ ಅಕ್ಷರ 0.1 ಸೆಕೆಂಡಿನೊಳಗೆ ಮೂಡಬೇಕು. ಫೋನಿನಲ್ಲೇ ಉಳಿಸಿಕೊಂಡು ‘3 ತಿದ್ದುಪಡಿ ಕಳಿಸಲು ಬಾಕಿ’ ಎಂದು ತೋರಿಸಿ. ಬರೀ ತಿರುಗುವ ಚಕ್ರ ನಂಬಿಕೆ ಕೆಡಿಸುತ್ತದೆ. ಅನ್‌ಡೂ ಒತ್ತಿದರೆ ಅವರವರ ತಿದ್ದುಪಡಿಯಷ್ಟೇ ಹಿಂದೆ ಹೋಗಲಿ.